ಕೈಯಿಲ್ಲದ ಕೈಬರಹ

ಅಕ್ಷರ ದುಂಡಗಿಲ್ಲದವನ ಬಾಳೂ ದುಂಡಗಿರುವುದಿಲ್ಲ ಎಂಬುದು ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರ ಸಿದ್ಧಾಂತವಾಗಿತ್ತು. ಅದಕ್ಕಾಗಿ ದಿನಕ್ಕೊಂದು ಪುಟ ಕಾಪಿ ಬರೆಸುತ್ತಿದ್ದರು. ಕನ್ನಡಕ್ಕೆ ಎರಡು ಗೆರೆಯ ಪುಸ್ತಕ, ಇಂಗ್ಲಿಷಿಗೆ ನಾಲ್ಕು ಗೆರೆಯದು. ಕನ್ನಡದ ಪುಟದಲ್ಲಿ ಅಕ್ಷರಗಳು ಒಂದನ್ನೊಂದು ಮುಟ್ಟದೆ ಮಡಿಯಲ್ಲಿ ನಿಲ್ಲಬೇಕು. ಇಂಗ್ಲಿಷ್ ಪುಟದಲ್ಲಿ ಅವು ಕೈಕೈ ಹಿಡಿದುಕೊಂಡು, ಪೆನ್ನು ಎತ್ತುವ ಪ್ರಮೇಯವೇ ಬಾರದಂತೆ, ಪದ ಮುಗಿಯುವ ತನಕ ಓಡಬೇಕು. ಒಂದರಲ್ಲಿ ಮುಟ್ಟಿದರೆ ಏಟು, ಇನ್ನೊಂದರಲ್ಲಿ ಮುಟ್ಟದಿದ್ದರೆ ಏಟು. ಎರಡು ಲಿಪಿಗಳ ಸ್ವಭಾವವನ್ನು ಇಷ್ಟು ಖಚಿತವಾಗಿ ಮುಂದೆ ನನಗೆ ಯಾರೂ ಕಲಿಸಲಿಲ್ಲ.

ಸಿದ್ಧಾಂತವನ್ನು ಮಾತ್ರ ಕಾಲ ಒಪ್ಪಲಿಲ್ಲ. ಅಕ್ಷರ ಮುತ್ತು ಎಂದು ಹೊಗಳಿಸಿಕೊಂಡವರಲ್ಲಿ ಹೆಚ್ಚಿನವರು ಬೇರೆಯವರು ಹೇಳಿದ್ದನ್ನು ನೀಟಾಗಿ ಬರೆದುಕೊಡುವ ಕೆಲಸಗಳಿಗೆ ಸೇರಿದರು. ಕಾಗೆ ಕಾಲು ಗುಬ್ಬಿ ಕಾಲು ಬರೆಯುತ್ತಿದ್ದವನೊಬ್ಬ ಡಾಕ್ಟರಾದ. ಅವನ ಚೀಟಿಯನ್ನು ಓದಬಲ್ಲವನು ಇಡೀ ಊರಿನಲ್ಲಿ ಮೆಡಿಕಲ್ ಶಾಪಿನವನೊಬ್ಬನೇ ಆದ್ದರಿಂದ ಅವರಿಬ್ಬರ ಸ್ನೇಹ ಇಂದಿಗೂ ಗಾಢವಾಗಿದೆ.

ಈಗಿನ ಮಕ್ಕಳಿಗೆ ಈ ಪರೀಕ್ಷೆಯೇ ಇಲ್ಲ. ಕಂಪ್ಯೂಟರಿನಲ್ಲಿ ಫಾಂಟುಗಳ ಪಟ್ಟಿ ತೆರೆದರೆ ಸಾಕು, ನೂರು ವರ್ಷ ಅಭ್ಯಾಸ ಮಾಡಿದವರ ಕೈಬರಹ ಒಂದೇ ಗುಂಡಿಗೆ ನಿಮ್ಮದಾಗುತ್ತದೆ. ‘ಅಕ್ಕಿ ಎರಡು ಕೆಜಿ, ಬೇಳೆ ಒಂದು ಕೆಜಿ’ ಎಂಬುದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಇಂಥ ಫಾಂಟಿಗೆ ಹಾಕಿ ನೋಡಿ: ಯಾವುದೋ ರಾಣಿ ಇನ್ನಾವುದೋ ರಾಜನಿಗೆ ಬರೆದ ಪ್ರೇಮಪತ್ರ ಎನ್ನಿಸುತ್ತದೆ. ಕಿರಾಣಿ ಅಂಗಡಿಯವನು ಅದನ್ನು ನೋಡಿ ಬೇಳೆ ತೂಗಲು ಹಿಂಜರಿದಾನು.

ಈ ಜಾತಿಯ ಫಾಂಟುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಜಾಫಿನೊ. ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರುಗಳಲ್ಲಿ ಇದು ಕೇಳದೆಯೇ ಸಿಗುತ್ತದೆ. ವಿಶಾಲ ಜಾಗ ಬೇಡುವ ಫಾಂಟು. ಇದರ ಬಾಲಗಳು ಕೆಳಗಿನ ಸಾಲಿನ ಮನೆಗೆ ಇಳಿಯುತ್ತವೆ, ಕೊಂಬುಗಳು ಮೇಲಿನ ಸಾಲಿನವರ ಅಂಗಳ ಹೊಗುತ್ತವೆ. ಆದ್ದರಿಂದ ಕಂಪ್ಯೂಟರು ಮುಂಜಾಗ್ರತೆಯಿಂದ ಸಾಲು ಸಾಲಿನ ನಡುವೆ ದೊಡ್ಡ ಬಯಲನ್ನೇ ಬಿಡುತ್ತದೆ. ಒಂದು ಪುಟದ ಪತ್ರ ಜಾಫಿನೊದಲ್ಲಿ ಮೂರು ಪುಟವಾಗುತ್ತದೆ. ಪುಟದ ಲೆಕ್ಕದಲ್ಲಿ ಸಂಭಾವನೆ ಕೊಡುವ ಸಂಪಾದಕರು ಯಾರಾದರೂ ಉಳಿದಿದ್ದರೆ ತಿಳಿಸಬೇಕು.

ಇದನ್ನು ಬರೆದವರು ಹರ್ಮನ್ ಜಾಫ್. 1918ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹುಟ್ಟಿದವರು. ಆ ಹುಡುಗನಿಗೆ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಬೇಕೆಂಬ ಆಸೆಯಿತ್ತು. ಈ ಆಸೆ ನಮ್ಮ ಕಡೆಯ ಹುಡುಗರಿಗೆ ಹುಟ್ಟಿನಿಂದಲೇ ಬರುತ್ತದೆಯಾದ್ದರಿಂದ ಇಲ್ಲಿಯ ತನಕ ಕತೆ ನಮಗೆ ಪರಿಚಿತ. ಆದರೆ 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಕಾರ್ಮಿಕ ಸಂಘದಲ್ಲಿದ್ದ ತಂದೆಯ ಕೆಲಸ ಹೋಯಿತು. ಮಗನಿಗೆ ತಾಂತ್ರಿಕ ಶಾಲೆಯ ಬಾಗಿಲು ಮುಚ್ಚಿತು. ಕೊನೆಗೆ ಒಂದು ಮುದ್ರಣಾಲಯದಲ್ಲಿ ಫೋಟೋಗಳನ್ನು ತಿದ್ದುವ ಕೆಲಸಕ್ಕೆ ಶಿಷ್ಯನಾಗಿ ಸೇರಿದ. ಅಕ್ಷರಶಿಲ್ಪಿ ರುಡಾಲ್ಫ್ ಕಾಖ್ ತೀರಿಕೊಂಡ ಮರುವರ್ಷ, 1935ರಲ್ಲಿ, ಊರಿನಲ್ಲಿ ಅವರ ನೆನಪಿಗೆ ಒಂದು ಪ್ರದರ್ಶನ ಏರ್ಪಟ್ಟಿತು. ಅದನ್ನು ನೋಡಿ ಬಂದವನು ಸುಂದರ ಬರಹದ ಬಗೆಗಿನ ಎರಡು ಪುಸ್ತಕ ಕೊಂಡು, ಮನೆಯಲ್ಲಿ ಕೂತು, ಅಗಲ ಮೂತಿಯ ನಿಬ್ಬು ಹಿಡಿದು ತನಗೆ ತಾನೇ ಮೇಷ್ಟ್ರಾಗಿ ಕಾಪಿ ಬರೆದ. ಏಟು ಕೊಡುವವರಿಲ್ಲದೆಯೂ ಅಕ್ಷರ ದುಂಡಗಾಯಿತು ಎಂಬುದನ್ನು ನಮ್ಮ ಮೇಷ್ಟ್ರ ಗಮನಕ್ಕೆ ತರಲು ಈಗ ಅವರಿಲ್ಲ.

ಆಮೇಲೆ ಯುದ್ಧ ಬಂತು. ಸೈನ್ಯಕ್ಕೆ ಸೇರಿಸಿಕೊಂಡರು. ಫಿರಂಗಿದಳದ ತರಬೇತಿಯಲ್ಲಿ ಜಾಫ್‌ಗೆ ಎಡ ಯಾವುದು ಬಲ ಯಾವುದು ಗೊಂದಲವಾಗುತ್ತಿತ್ತು. ಬಂದೂಕು ಹಿಡಿದರೆ ಎಲ್ಲಿಲ್ಲದ ಎಚ್ಚರ, ಅಷ್ಟೇ ಎಡವಟ್ಟು. ಮೇಲಧಿಕಾರಿಗಳು ಬೇಗನೇ ಕೈಮುಗಿದರು. ಇದನ್ನೆಲ್ಲ ಅವರೇ ನಗುತ್ತಾ ಬರೆದುಕೊಂಡಿದ್ದಾರೆ. ಕೊನೆಗೆ ನಕ್ಷೆ ಬರೆಯುವ ವಿಭಾಗಕ್ಕೆ ಹಾಕಿ ಫ್ರಾನ್ಸಿನ ಬೋರ್ಡೋಗೆ ಕಳಿಸಿದರು. ಅಲ್ಲಿ ಕೂತು ಸ್ಪೇನ್ ದೇಶದ ನಕ್ಷೆಗಳಿಗೆ ಹೆಸರು ಬರೆಯುವ ಕೆಲಸ. ಭೂತಗನ್ನಡಿ ಇಲ್ಲದೆ ಒಂದು ಮಿಲಿಮೀಟರ್ ಎತ್ತರದ ಅಕ್ಷರ ಬರೆಯಬಲ್ಲ ಕಣ್ಣು ಅವರದು. ಜಗತ್ತೆಲ್ಲ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾಗ ಆ ಮನುಷ್ಯ ಮೂಲೆಯಲ್ಲಿ ಕೂತು, ಬಿಡುವಿದ್ದಾಗ ತನ್ನ ಕಿರುಪುಸ್ತಕದಲ್ಲಿ ಎಲೆ, ಹೂವು, ಅಕ್ಷರ ಬರೆಯುತ್ತಿದ್ದರು. 1944ರಲ್ಲಿ ಆ ಪುಸ್ತಕದ ಒಂದು ಪುಟದಲ್ಲಿ ಬಳುಕುವ ಒಂದು ವರ್ಣಮಾಲೆ ಬಂದು ಕೂತಿತು. ಜಾಫಿನೊದ ಬೀಜ ಅದೇ.

ಬೀಜ ಮೊಳೆಯಲು ಅರ್ಧ ಶತಮಾನಕ್ಕೂ ಮಿಕ್ಕು ಬೇಕಾಯಿತು. ಅದಕ್ಕೆ ಕಾರಣ ಸೀಸ. ಆ ಕಾಲದಲ್ಲಿ ಅಚ್ಚು ಎಂದರೆ ಮೊಳೆ. ಒಂದೊಂದು ಅಕ್ಷರವೂ ಒಂದೊಂದು ಸೀಸದ ಕಟ್ಟೆಯ ಮೇಲೆ ಕೂತಿರುತ್ತದೆ. ಕಟ್ಟೆಗಳನ್ನು ಪಕ್ಕಪಕ್ಕ ಜೋಡಿಸಿದರೆ ಸಾಲು. ಅಕ್ಷರದ ಬಾಲ ಕಟ್ಟೆಯಿಂದಾಚೆ ಸ್ವಲ್ಪ ಚಾಚಿದರೂ ಅದಕ್ಕೆ ಕೆಳಗೆ ಆಧಾರವಿಲ್ಲ. ಯಂತ್ರ ಒಂದು ಸಲ ಜೋರಾಗಿ ಒತ್ತಿದರೆ ಬಾಲ ಮುರಿದು ಎಲ್ಲೋ ಬೀಳುತ್ತದೆ. ಕೈಬರಹದಲ್ಲಿ ಚೆಲುವಿರುವುದೇ ಈ ಚಾಚುವುದರಲ್ಲಿ, ಪಕ್ಕದವನ ಹೆಗಲ ಮೇಲೆ ಕೈ ಹಾಕುವುದರಲ್ಲಿ. ಜಾಫ್ ಯುದ್ಧದ ನಂತರ ಫ್ರಾಂಕ್‌ಫರ್ಟಿನ ಸ್ಟೆಂಪೆಲ್ ಮೊಳೆ ಕಾರ್ಖಾನೆಗೆ ವರ್ಚುಯೋಸಾ ಎಂಬ ಬಳುಕು ಅಕ್ಷರವನ್ನು ಮಾಡಿಕೊಟ್ಟರು. 1950ರ ದಶಕದ ಆರಂಭದಲ್ಲಿ ಅದು ಹೊರಬಂತು. ಚೆನ್ನಾಗಿಯೇ ಇದೆ. ಆದರೆ ಸೀಸಕ್ಕೆ ಹೆದರಿ ಮೈ ಮುದುಡಿಕೊಂಡ ಅಕ್ಷರ ಅದು, ಬರೆದವರಿಗೂ ತೃಪ್ತಿಯಾಗಲಿಲ್ಲ.

ಮುಂದೆ ಜಾಫ್ ದೊಡ್ಡವರಾದರು. ಪ್ಯಾಲಟಿನೊ, ಆಪ್ಟಿಮಾ ಮುಂತಾದ ಅವರ ಅಕ್ಷರಗಳನ್ನು ನೀವೂ ನಾನೂ ತಿಳಿಯದೆಯೇ ಸಾವಿರಾರು ಪುಟ ಓದಿದ್ದೇವೆ. ಕಂಪ್ಯೂಟರಿನಲ್ಲಿ ಟಿಕ್ ಗುರುತು, ನಕ್ಷತ್ರ, ಕತ್ತರಿ, ಬೆರಳು ತೋರುವ ಕೈ ಮುಂತಾದ ಚಿತ್ರಗಳ ಒಂದು ಗೊಂಚಲು ಇರುತ್ತದಲ್ಲ, ಜಾಫ್ ಡಿಂಗ್‌ಬ್ಯಾಟ್ಸ್, ಅದೂ ಅವರದೇ. ಹೆಂಡತಿ ಗುಡ್ರುನ್ ಕೂಡ ಅಕ್ಷರ ವಿನ್ಯಾಸದಲ್ಲಿ ಹೆಸರಾದವರು. 101 ವರ್ಷ ಬದುಕಿದರು. ಆ ಮನೆಯಲ್ಲಿ ಹಾಲಿನವನಿಗೆ ಚೀಟಿ ಬರೆಯುವ ಸರದಿ ಯಾರದಾಗಿತ್ತೋ, ಆ ಹಾಲಿನವನು ಅವನ್ನು ತೆಗೆದಿಟ್ಟುಕೊಂಡನೋ ಇಲ್ಲವೋ!

1993ರಲ್ಲಿ ಡೇವಿಡ್ ಸೀಗೆಲ್ ಎಂಬ ಅಮೆರಿಕದ ತರುಣ ಜಾಫ್‌ಗೆ ಒಂದು ಪತ್ರ ಬರೆದ. ಕಂಪ್ಯೂಟರ್ ಅಕ್ಷರಗಳ ಅಚ್ಚುಕಟ್ಟು ಅವನಿಗೆ ಬೇಸರ ತಂದಿತ್ತು. ಒಂದೇ ಅಕ್ಷರಕ್ಕೆ ಹತ್ತಾರು ರೂಪಗಳಿದ್ದು, ಅಕ್ಕಪಕ್ಕದವರನ್ನು ನೋಡಿಕೊಂಡು ಕಂಪ್ಯೂಟರೇ ಒಂದನ್ನು ಆರಿಸುವಂತಿದ್ದರೆ ಹೇಗೆ ಎಂಬುದು ಅವನ ಪ್ರಶ್ನೆ. ಜಾಫ್‌ಗೆ ಎಪ್ಪತ್ತೈದು ವರ್ಷ ಹತ್ತಿರವಾಗಿತ್ತು. ಅವರು 1944ರ ಆ ಪುಟವನ್ನು ಹೊರತೆಗೆದರು. ಗಿನೊ ಲೀ ಎಂಬ ಪ್ರೋಗ್ರಾಮರ್ ಜೊತೆಗೂಡಿದ. ಕೆಲಸ ಇನ್ನೇನು ಮುಗಿಯಿತು ಎನ್ನುವಾಗ ಸೀಗೆಲ್‌ಗೆ ಪ್ರೇಮಭಂಗವಾಗಿ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲವೆಂದು ಬರೆದನಂತೆ. ಜಾಫ್ ಈ ಪ್ರಸಂಗವನ್ನೂ ದಾಖಲಿಸಿದ್ದಾರೆ. ಪ್ರೇಮಪತ್ರಕ್ಕೆ ಇದಕ್ಕಿಂತ ಒಳ್ಳೆಯ ಅಕ್ಷರ ಪ್ರಪಂಚದಲ್ಲಿಲ್ಲ, ಅಂಥದ್ದನ್ನು ಕೈಯಲ್ಲಿಟ್ಟುಕೊಂಡವನಿಗೇ ಹೀಗಾಗಬೇಕೆ! ಮುದುಕರು ಮಾತ್ರ ಬಿಡಲಿಲ್ಲ. ಲೈನೋಟೈಪ್ ಕಂಪನಿಗೆ ಹೋಗಿ, 1998ರಲ್ಲಿ ನಾಲ್ಕು ವರ್ಣಮಾಲೆಗಳ, ಜೊತೆಗೆ ಅಲಂಕಾರಗಳ ಜಾಫಿನೊವನ್ನು ಹೊರತಂದರು. 2003ರಲ್ಲಿ ಜಪಾನಿನ ಅಕಿರಾ ಕೊಬಾಯಾಶಿಯವರ ಜೊತೆ ಅದನ್ನು ಇನ್ನಷ್ಟು ಬೆಳೆಸಿದರು. 2015ರಲ್ಲಿ ತೀರಿಕೊಂಡಾಗ ಅವರಿಗೆ 96. ಫಿರಂಗಿ ಹಿಡಿಯಲು ಬಾರದವರು ಹೀಗೆ ಬಹಳ ದಿನ ಬಾಳುತ್ತಾರೆ.

ಜಾಫಿನೊ ಮಾಡುವ ಒಂದು ಚಮತ್ಕಾರವನ್ನು ಹೇಳಲೇಬೇಕು. ಅದರದೇ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರವಾಗಿ ಟೈಪ್ ಮಾಡುತ್ತಾ ಹೋಗಿ. ಕೊನೆಯ ಅಕ್ಷರ ಬಿದ್ದ ಕ್ಷಣ ಏಳೂ ಅಕ್ಷರಗಳು ಮಾಯವಾಗಿ, ಜಾಫ್ ಒಂದೇ ಚಿತ್ರವಾಗಿ ಬರೆದಿಟ್ಟ ಇಡೀ ಹೆಸರು ಅಲ್ಲಿ ಬಂದು ಕೂರುತ್ತದೆ. ಒಳಗೆ ನಡೆಯುವುದು ಇಷ್ಟೇ: ಇಂಥ ಅಕ್ಷರದ ಪಕ್ಕ ಇಂಥದ್ದು ಬಂದರೆ ಎರಡನ್ನೂ ತೆಗೆದು ಮೂರನೆಯದನ್ನು ಇಡು ಎಂಬ ನಿಯಮಗಳನ್ನು ಫಾಂಟಿನೊಳಗೇ ಬರೆದಿರುತ್ತಾರೆ. ಹೊಸದಾಗಿ ಬಂದಾಗ ಮ್ಯಾಕ್ ಮಂದಿ ಇದನ್ನು ಜಾದೂ ಎಂದು ತೋರಿಸುತ್ತಿದ್ದರು, ನೋಡಿದವರು ಬೆರಗಾಗುತ್ತಿದ್ದರು.

ಕನ್ನಡದವನಾದ ನನಗೆ ಈ ಬೆರಗನ್ನು ನೋಡಿದಾಗ ಸ್ವಲ್ಪ ನಗು ಬರುತ್ತದೆ. ನೀವು ‘ಶಾಸ್ತ್ರ’ ಎಂದು ಟೈಪ್ ಮಾಡಿದಾಗ ಕಂಪ್ಯೂಟರಿನ ಹೊಟ್ಟೆಗೆ ಹೋಗುವುದು ಶ, ಆಕಾರ, ಸ, ವಿರಾಮ, ತ, ವಿರಾಮ, ರ. ಸ ಕೆಳಗೆ ತ ಒತ್ತು, ಅದರ ಪಕ್ಕ ರ ಒತ್ತು ಕೂರಿಸಿ ಕೊಡುವುದು ಫಾಂಟಿನೊಳಗಿನ ಅಂಥದೇ ನಿಯಮಗಳು. ‘ಧರ್ಮ’ದಲ್ಲಿ ರ ಮೊದಲು, ಮ ಆಮೇಲೆ ಹೋಗುತ್ತದೆ. ಪರದೆಯ ಮೇಲೆ ಮ ಮೊದಲು ಬಂದು, ರ ಅರ್ಕಾವತ್ತಿನ ವೇಷ ಹಾಕಿ ಅದರ ಹಿಂದೆ ನಿಲ್ಲುತ್ತದೆ. ಇಂಗ್ಲಿಷಿನವರಿಗೆ ಮದುವೆ ಕಾರ್ಡಿಗೆ, ಅತ್ತರಿನ ಬಾಟಲಿಗೆ ಬೇಕಾದ ವಿಲಾಸ ನಮಗೆ ‘ಅಕ್ಕಿ’ ಎಂದು ಬರೆಯಲೂ ಬೇಕು. ಎಷ್ಟೇ ಸಾದಾ ಆಗಿದ್ದರೂ ಒಂದು ಕನ್ನಡ ಫಾಂಟು ಹುಟ್ಟುತ್ತಲೇ ಜಾಫಿನೊದ ಅರ್ಧ ವಿದ್ಯೆ ಕಲಿತಿರಬೇಕು. ಯೂನಿಕೋಡ್ ಕನ್ನಡಕ್ಕೆ ಕೊಟ್ಟಿರುವ 128 ಮನೆಗಳಲ್ಲಿ ಒತ್ತಕ್ಷರಗಳಿಗೆ ಒಂದೂ ಮನೆಯಿಲ್ಲ. ಅವೆಲ್ಲ ಫಾಂಟು ಮಾಡಿದವನ ಮನೆಯಲ್ಲೇ ಊಟ, ವಸತಿ.

ಹಾಗಾದರೆ ಕನ್ನಡಕ್ಕೊಂದು ಜಾಫಿನೊ ಎಲ್ಲಿ? ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಮದುವೆ ಮನೆಗೆ ಹೋಗಿಬರೋಣ, ಈ ಜಾತಿಯ ಅಕ್ಷರಗಳ ತವರು ಅದೇ ತಾನೇ.

ಬೆಂಗಳೂರಿನ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆಯ ಕಡೆ ಲಗ್ನಪತ್ರಿಕೆ ಅಂಗಡಿಗಳಿಗೆ ಹೋದರೆ ಕಾರ್ಡಿನ ಕಾಗದಕ್ಕೆ ನೂರು ಬಗೆ, ಗಣಪತಿಗೆ ಇನ್ನೂರು ಬಗೆ. ಒಳಗಿನ ಬರಹದ ವಿಷಯಕ್ಕೆ ಬಂದಾಗ ಗಿರಾಕಿಯ ಬೇಡಿಕೆ ಒಂದೇ: ‘ಸ್ವಲ್ಪ ಡಿಸೈನ್ ಅಕ್ಷರದಲ್ಲಿ ಹಾಕಿ.’ ಡಿಟಿಪಿ ಮಾಡುವ ಹುಡುಗ ಕೋರಲ್ ಡ್ರಾದಲ್ಲಿ ಇಡೀ ಕಾರ್ಡನ್ನು, ವಧುವಿನ ಹೆಸರಿನಿಂದ ಹಿಡಿದು ಬಸ್ ನಂಬರಿನ ತನಕ, ಬಳ್ಳಿ ಬಳ್ಳಿ ಅಕ್ಷರಕ್ಕೆ ತಿರುಗಿಸಿ ಕೊಡುತ್ತಾನೆ. ಅವನ ತಪ್ಪಲ್ಲ. ದಿನಕ್ಕೆ ಇಪ್ಪತ್ತು ಕಾರ್ಡು ಮುಗಿಸಬೇಕಾದವನಿಗೆ ಸೌಂದರ್ಯಮೀಮಾಂಸೆ ನಡೆಸಲು ಪುರುಸೊತ್ತೆಲ್ಲಿ?

ಅಂಥದೊಂದು ಇಂಗ್ಲಿಷ್ ಕಾರ್ಡು ನನ್ನ ಸೋದರಮಾವನ ಕೈಗೆ ಬಂದಾಗ ನಾನು ಅಲ್ಲೇ ಇದ್ದೆ. ಅವರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಕಿಟಕಿಯ ಹತ್ತಿರ ಹಿಡಿದು ನೋಡಿದರು.

‘ಇದು ಯಾರ ಮದುವೆಯೋ? ಹುಡುಗಿ ಹೆಸರು ಎಫ್‌ನಿಂದ ಶುರುವಾಗಿದೆಯಲ್ಲೋ. ನಮ್ಮ ಕಡೆ ಎಫ್ ಅಕ್ಷರದ ಹುಡುಗಿ ಯಾರೋ?’

‘ಅದು ಟಿ, ಮಾವ. ತನುಜಾ.’

‘ಇದು ಟಿ ಆದರೆ ಅಪ್ಪನ ಇನಿಷಿಯಲ್ಲು ಜೆ ಹೇಗಾಯಿತು? ಎರಡೂ ಒಂದೇ ಥರ ಇದೆ.’

‘ಅದು ಐ ಇರಬಹುದು ಮಾವ.’

‘ಛತ್ರ ಯಾವುದು?’

ಛತ್ರದ ಹೆಸರೂ ಅದೇ ಪೊದೆಯೊಳಗೆ ಅಡಗಿತ್ತು. ಮಾವ ಕಾರ್ಡನ್ನು ಮೇಜಿನ ಮೇಲಿಟ್ಟರು. ‘ಊಟ 12.30ಕ್ಕೆ ಅನ್ನೋದು ಮಾತ್ರ ಸ್ಪಷ್ಟವಾಗಿದೆ. ಎಲ್ಲಿ ಅಂತ ಗೊತ್ತಾದರೆ ಹೇಳು, ಬರ್ತೀನಿ.’

ಮಾವನ ತೊಡಕು ವಯಸ್ಸಿನದಲ್ಲ. ಈ ದುಂಡು ಓಟದ ಬರಹ ಬಂದದ್ದು ಹದಿನೇಳು, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಬರವಣಿಗೆ ಮೇಷ್ಟ್ರುಗಳಿಂದ. ಅವರು ಚೂಪು ನಿಬ್ಬಿನಲ್ಲಿ ಬರೆದದ್ದನ್ನು ಕೆತ್ತನೆಗಾರರು ತಾಮ್ರದ ತಗಡಿಗೆ ಇಳಿಸುತ್ತಿದ್ದರು. ಅವರ ಲೆಕ್ಕದಲ್ಲಿ ದೊಡ್ಡಕ್ಷರ ಪದದ ಬಾಗಿಲಲ್ಲಿ ಒಂದೇ ಒಂದು ಬರಬೇಕು, ಅದರ ಹಿಂದೆ ಚಿಕ್ಕಕ್ಷರಗಳು ವಿನಯದಿಂದ ಸಾಲಾಗಿ ಬರಬೇಕು. ದೊಡ್ಡಕ್ಷರದ ಡೌಲೆಲ್ಲ ಆ ಏಕಾಂತಕ್ಕಾಗಿ. ನಮ್ಮವರ ಹೆಸರುಗಳನ್ನು ನೋಡಿ: ಊರಿನದೊಂದು, ತಾತನದೊಂದು, ಅಪ್ಪನದೊಂದು, ಕೆ. ಎನ್. ವಿ. ಎಂದು ಇನಿಷಿಯಲ್ಲುಗಳ ಸಾಲು ಮುಗಿದ ಮೇಲೆ ‘ಮೂರ್ತಿ’ ಬರುವುದು. ಇಂಥ ಫಾಂಟಿನಲ್ಲಿ ಆ ಹೆಸರು, ಒಂದೇ ಮಂಟಪದಲ್ಲಿ ನಾಲ್ವರು ವರರು ಪೇಟ ಕಟ್ಟಿ, ಬಾಸಿಂಗ ತೊಟ್ಟು ಕೂತಂತೆ ಕಾಣುತ್ತದೆ. ಯಾರಿಗೆ ಹಾರ ಹಾಕಬೇಕೋ ವಧುವಿಗೇ ತಿಳಿಯುವುದಿಲ್ಲ. ಇನ್ನು ಕೆಲವರು ಇಡೀ ಹೆಸರನ್ನೇ ದೊಡ್ಡಕ್ಷರಗಳಲ್ಲಿ ಹಾಕಿಸುತ್ತಾರೆ. ಅದನ್ನು ಬ್ರಹ್ಮನೂ ಓದಲಾರ, ಅವನದು ಹಣೆಯ ಮೇಲೆ ಬರೆದು ಅಭ್ಯಾಸ, ಓದಿ ಅಲ್ಲ.

ಆ ಹಳೆಯ ಮೇಷ್ಟ್ರುಗಳಲ್ಲಿ ಚಾರ್ಲ್ಸ್ ಸ್ನೆಲ್ ಎಂಬವನೊಬ್ಬನಿದ್ದ. ಅವನ ಬರಹವನ್ನಿಟ್ಟುಕೊಂಡು 1960ರ ದಶಕದ ನಡುವೆ ಮ್ಯಾಥ್ಯೂ ಕಾರ್ಟರ್ ‘ಸ್ನೆಲ್ ರೌಂಡ್‌ಹ್ಯಾಂಡ್’ ರೂಪಿಸಿದರು. ಕಂಪ್ಯೂಟರಿನಲ್ಲಿ ನಾವು ನಿತ್ಯ ಓದುವ ಜಾರ್ಜಿಯಾ, ವರ್ಡಾನಾ ಫಾಂಟುಗಳೂ ಇದೇ ಕಾರ್ಟರ್ ಅವರವು. ಆ ಹೊತ್ತಿಗೆ ಸೀಸದ ಜಾಗಕ್ಕೆ ಫೋಟೋ ಕಂಪೋಸಿಂಗ್ ಬರತೊಡಗಿತ್ತು. ಬೆಳಕಿಗೆ ಕಟ್ಟೆಯ ಹಂಗಿಲ್ಲ, ಹೀಗಾಗಿ ಅಕ್ಷರಗಳು ಮೊದಲ ಬಾರಿಗೆ ನಿಶ್ಚಿಂತೆಯಿಂದ ಒಂದನ್ನೊಂದು ಮುಟ್ಟಿದವು. ಇದಕ್ಕೂ ಮುಂಚೆ, 1953ರಲ್ಲಿ, ಫ್ರಾನ್ಸಿನ ರೋಜೆ ಎಕ್ಸ್‌ಕೊಫಾನ್ ತನ್ನ ಸ್ವಂತ ಕೈಬರಹವನ್ನೇ ಸೀಸದಲ್ಲಿ ಎರಕಹೊಯ್ಯಿಸಿ, ಕಟ್ಟೆಗಳ ಅಂಚಿನಲ್ಲಿ ಗೆರೆಗೆ ಗೆರೆ ಸರಿಯಾಗಿ ಕೂಡುವಂತೆ ‘ಮಿಸ್ಟ್ರಲ್’ ಮಾಡಿ ಸಾಹಸ ಮೆರೆದಿದ್ದ. ಕೋಕಾ ಕೋಲಾ ಬಾಟಲಿಯ ಮೇಲಿನ ಬಳುಕು ಬರಹವಂತೂ ಫಾಂಟೇ ಅಲ್ಲ. ಆ ಕಂಪನಿಯ ಲೆಕ್ಕ ಬರೆಯುತ್ತಿದ್ದ ಫ್ರಾಂಕ್ ರಾಬಿನ್‌ಸನ್ 1886ರಲ್ಲಿ ಪಾನೀಯಕ್ಕೆ ಹೆಸರನ್ನೂ ಇಟ್ಟು, ಆಗಿನ ಅಮೆರಿಕದ ಶಾಲೆಗಳಲ್ಲಿ ಕಲಿಸುತ್ತಿದ್ದ ಸ್ಪೆನ್ಸರ್ ಶೈಲಿಯಲ್ಲಿ ಅದನ್ನು ಬರೆದೂ ಕೊಟ್ಟದ್ದು. ಒಬ್ಬ ಶಾನುಭೋಗನ ಅಕ್ಷರ ಇಷ್ಟು ದೇಶ ಸುತ್ತಿದ್ದು ಬೇರೆಲ್ಲೂ ಇಲ್ಲ.

ನಮ್ಮ ಶಾನುಭೋಗರ ಅಕ್ಷರ ಊರಿನ ಗಡಿ ದಾಟುವುದಿರಲಿ, ಊರವರಿಗೂ ದಕ್ಕುತ್ತಿರಲಿಲ್ಲ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಬಳಪದಲ್ಲಿ ಬರೆಯುತ್ತಿದ್ದ ಕಾಲವೊಂದಿತ್ತು. ಬೇಗ ಬರೆಯುವ ಭರದಲ್ಲಿ ಅಕ್ಷರಗಳು ಒಂದರೊಳಗೊಂದು ಸೇರಿ ಹರಿಯುತ್ತಿದ್ದವು. ಮೋಡಿ ಅಕ್ಷರ ಎಂದು ಅದಕ್ಕೆ ಹೆಸರು. ಕನ್ನಡದ ಅಕ್ಷರಗಳು ಪರಸ್ಪರ ಮುಟ್ಟುವುದಿಲ್ಲ ಎಂಬ ನಮ್ಮ ಮೇಷ್ಟ್ರ ಮಾತು ಹೀಗೆ ಅಷ್ಟೇನೂ ಗಟ್ಟಿಯಲ್ಲ. ಜಮೀನಿನ ವಿಷಯ ಬಂದರೆ ಅವು ಗಾಢವಾಗಿ ತಬ್ಬಿಕೊಳ್ಳುತ್ತಿದ್ದವು. ಬೇರೆ ಯಾರೂ ಓದಲಾಗದ್ದರಿಂದ ಬರೆದವರಿಗೆ ಲಾಭವೂ ಇತ್ತೆಂದು ಹಳಬರು ಹೇಳುವುದುಂಟು.

ಕೈಬರಹವೇ ಅಚ್ಚಾದ ಒಂದು ದೊಡ್ಡ ಉದಾಹರಣೆ ನಮ್ಮಲ್ಲೇ ಇದೆ. 1843ರ ಜುಲೈ 1ರಂದು ಹೊರಟ ‘ಮಂಗಳೂರು ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. (ಅಕ್ಷರದ ಕತೆಯಲ್ಲಿ ಹರ್ಮನ್ ಎಂಬ ಜರ್ಮನರು ಯಾಕಿಷ್ಟು ಬರುತ್ತಾರೋ.) ಬಾಸೆಲ್ ಮಿಷನ್ನಿನ ಮಂಗಳೂರು ಮುದ್ರಣಾಲಯದಲ್ಲಿ ಆಗ ಇದ್ದದ್ದು ಕಲ್ಲಚ್ಚು. ಕೈಯಲ್ಲಿ ಬರೆದದ್ದನ್ನು ಕಲ್ಲಿಗಿಳಿಸಿ ಅಚ್ಚು ತೆಗೆಯುವುದು. ಅಂದರೆ ಕನ್ನಡಿಗರು ಮೊತ್ತಮೊದಲು ಓದಿದ ಸುದ್ದಿ ಯಾರೋ ಒಬ್ಬರ ದುಂಡು ಅಕ್ಷರದಲ್ಲಿತ್ತು. ಮುಂದೆ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಯಲ್ಲಿ ಅಚ್ಚಾಯಿತು. ಬರೆದವರ ಹೆಸರನ್ನು ಯಾರೂ ಆ ಪುಟದ ಮೂಲೆಯಲ್ಲಿ ಹಾಕಲಿಲ್ಲ.

ಅವರ ವಂಶದವರೇ ನಮ್ಮ ಡ್ರಾಯಿಂಗ್ ಮೇಷ್ಟ್ರುಗಳು. ಇವರನ್ನು ಕುರಿತು ಯಾರಾದರೂ ದೊಡ್ಡ ಪುಸ್ತಕ ಬರೆಯಬೇಕು. ಶಾಲೆಯ ಗೋಡೆಯ ಸುಭಾಷಿತ, ಗಣೇಶೋತ್ಸವದ ಬಟ್ಟೆ ಬ್ಯಾನರು, ಊರ ನಾಟಕದ ಬೋರ್ಡು, ಕಾಲೇಜಿನ ಕೈಬರಹದ ಪತ್ರಿಕೆಯ ಮುಖಪುಟ, ಎಲ್ಲ ಅವರದೇ. ಅವರ ಕಲೆಯ ತುತ್ತತುದಿ ಸನ್ಮಾನಪತ್ರ. ಹೆಡ್‌ಮಾಸ್ತರರು ನಿವೃತ್ತರಾಗುತ್ತಾರೆ. ಕನ್ನಡ ಪಂಡಿತರು ‘ಮಾನ್ಯರೇ’, ‘ಕರ್ಮಯೋಗಿಗಳೇ’, ‘ಅಜಾತಶತ್ರುಗಳೇ’ ಎಂದು ಪ್ಯಾರಾಕ್ಕೊಂದು ಸಂಬೋಧನೆ ಹಾಕಿ ಒಕ್ಕಣೆ ಸಿದ್ಧ ಮಾಡುತ್ತಾರೆ. ಡ್ರಾಯಿಂಗ್ ಮೇಷ್ಟ್ರು ರಾತ್ರಿಯೆಲ್ಲ ಕೂತು, ದಪ್ಪ ಹಾಳೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಓರೆ ಮೂತಿಯ ನಿಬ್ಬಿನಿಂದ ಬರೆಯುತ್ತಾರೆ. ‘ಶ್ರೀ’ಗೆ ನವಿಲಿನ ಕತ್ತು. ಹೆಸರಿಗೆ ಕೆಂಪು ಶಾಯಿ. ಉಳಿದದ್ದಕ್ಕೆ ಕಪ್ಪು, ಬಳುಕಿಲ್ಲದ, ಸ್ಪಷ್ಟ ಅಕ್ಷರ. ಯಾಕೆಂದರೆ ಸಭೆಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಬೇಕು. ಎಲ್ಲಿ ಮೆರೆಯಬೇಕು, ಎಲ್ಲಿ ಅಡಗಬೇಕು ಎಂಬುದನ್ನು ಯಾವ ವಿನ್ಯಾಸ ಶಾಲೆಗೂ ಹೋಗದ ಆ ಮನುಷ್ಯ ಅರಿತಿದ್ದ. ಈಗಿನ ಲಗ್ನಪತ್ರಿಕೆಗೆ ಬೇಕಾಗಿರುವುದೂ ಅದೇ. ಹುಡುಗ ಹುಡುಗಿಯ ಹೆಸರಿಗೆ ಎಷ್ಟು ಬಳ್ಳಿ ಬೇಕಾದರೂ ಹಬ್ಬಿಸಲಿ, ಯಾರೂ ಬೇಡವೆನ್ನುವುದಿಲ್ಲ, ಆ ಹೆಸರು ಬಂಧುಗಳಿಗೆ ಓದದೆಯೂ ಗೊತ್ತು. ಛತ್ರದ ದಾರಿ ಮಾತ್ರ ನೆಟ್ಟಗಿರಬೇಕು.

ಕನ್ನಡದ ಜಾಫಿನೊಗೆ ಬರುತ್ತೇನೆ ಎಂದಿದ್ದೆ. ನಮ್ಮ ಫಾಂಟುಗಳ ಹೆಸರುಗಳೇ ಚೆಂದ: ಕೇದಗೆ, ಮಲ್ಲಿಗೆ, ಸಂಪಿಗೆ, ತುಂಗಾ, ನವಿಲು. ಗುಬ್ಬಿ ಎಂಬುದೂ ಇದೆ, ಅದರ ಅಕ್ಷರ ಅಚ್ಚುಕಟ್ಟಾಗಿಯೇ ಇದೆ, ಕಾಲು ಕಾಣಿಸುವುದಿಲ್ಲ. ನುಡಿ, ಬರಹ, ಶ್ರೀಲಿಪಿಗಳಿಂದ ಡಿಟಿಪಿ ಅಂಗಡಿಗಳ ಬದುಕು ನಡೆದಿದೆ. ವೈಷ್ಣವಿ ಮೂರ್ತಿ ಮತ್ತು ಸ್ಪೇನಿನ ಹುವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ ‘ಅಕಾಯ ಕನಡಕ’ದಲ್ಲಿ ಲವಲವಿಕೆಯಿದೆ, ಅದು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಸನ್ಮಾನಪತ್ರ ಬರೆಯುತ್ತಿದ್ದ ಕೈಯನ್ನು ಅದರ ಎಲ್ಲ ಗತ್ತಿನೊಂದಿಗೆ ಕಂಪ್ಯೂಟರಿಗೆ ತಂದ ಫಾಂಟು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಕೆಲಸ ದೊಡ್ಡದು ಎಂಬುದು ನಿಜ. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52; ಅಂಕಿ, ಚುಕ್ಕೆ, ಕೊಂಕು ಸೇರಿಸಿದರೂ ಒಂದು ಹಾಳೆಯಲ್ಲಿ ಹಿಡಿಸುತ್ತದೆ. ಅದಕ್ಕೇ ಅಲ್ಲಿ ತಮ್ಮ ಕೈಬರಹವನ್ನು ಹಾಳೆಯಲ್ಲಿ ತುಂಬಿ, ಸ್ಕ್ಯಾನ್ ಮಾಡಿ, ಊಟದ ಹೊತ್ತಿಗೆ ಫಾಂಟು ಮಾಡಿಕೊಳ್ಳುವವರಿದ್ದಾರೆ. ಕನ್ನಡದಲ್ಲಿ ವ್ಯಂಜನ 34. ಒಂದೊಂದಕ್ಕೂ ಕಾಗುಣಿತ ಹಾಕಿದರೆ ನಾನೂರು ದಾಟುತ್ತದೆ. ಮೇಲೆ ಸ್ವರಗಳು, ಕೆಳಗೆ ಒತ್ತುಗಳು, ಒತ್ತಿಗೆ ಒತ್ತು. ಬಿಡಿ ತುಂಡುಗಳನ್ನು ಜೋಡಿಸಿ ಲೆಕ್ಕ ಕಡಿಮೆ ಮಾಡಬಹುದು, ಆದರೆ ಜೋಡಿಸಿದ್ದು ಕೈಬರಹವೆಂದು ಯಾರನ್ನು ನಂಬಿಸುವುದು? ಇನ್ನೊಂದು ತೊಡಕೂ ಇದೆ. ‘ಅಮ್ಮನ ಮನೆಯ ಮಾವಿನ ಮರ’ ಎಂದು ಕೈಯಲ್ಲಿ ಬರೆದು ನೋಡಿ. ಅದರಲ್ಲಿರುವ ಒಂದು ಮ ಇನ್ನೊಂದರ ಹಾಗಿರುವುದಿಲ್ಲ: ಮೊದಲಿನದು ಶ್ರದ್ಧೆಯದು, ಮನೆಯದು ಅವಸರದ್ದು, ಮರದ ಹೊತ್ತಿಗೆ ಕೈ ಸೋತಿರುತ್ತದೆ. ಫಾಂಟಿನಲ್ಲಿ ಎಲ್ಲ ಮಗಳೂ ಅವಳಿ ಜವಳಿ. ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ, ಇದನ್ನು ಯಾರೂ ಬರೆದದ್ದಲ್ಲ ಎಂದು. ಒಂದು ಮಕಾರಕ್ಕೆ ನಾಲ್ಕೈದು ಮುಖ ಬರೆದಿಟ್ಟು, ಪಕ್ಕದಲ್ಲಿ ಯಾರಿದ್ದಾರೆಂದು ನೋಡಿ ಬದಲಿಸುವ ನಿಯಮ ಬರೆಯಬೇಕು. ನಿಯಮ ನಮಗೆ ಹೊಸದಲ್ಲ, ಒತ್ತಕ್ಷರಕ್ಕಾಗಿ ಆ ವಿದ್ಯೆಯನ್ನು ಕಲಿತವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೊರತೆ ಕೈಯದು. ಜಾಫ್‌ಗೆ 1944ರ ಒಂದು ಪುಟ ಉಳಿದಿತ್ತು. ನಮ್ಮ ಮೇಷ್ಟ್ರುಗಳ ಪುಟಗಳು ಗೆದ್ದಲಿನ ಬಾಯಲ್ಲಿವೆ, ಗಾಜು ಒಡೆದ ಚೌಕಟ್ಟುಗಳಲ್ಲಿವೆ, ಹಲವು ಆಗಲೇ ರದ್ದಿಯವನ ತಕ್ಕಡಿ ಏರಿವೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ, ಶಾಲೆಯ ಬೀರುವಿನಲ್ಲಿ, ತೀರಿಹೋದ ಹೆಡ್‌ಮಾಸ್ತರರ ಮಕ್ಕಳ ಮನೆಯಲ್ಲಿ ಇಂಥ ಸನ್ಮಾನಪತ್ರವೋ ಕೈಬರಹದ ಪತ್ರಿಕೆಯೋ ಇದ್ದರೆ ಎಸೆಯಬೇಡಿ. ಗಾಜು ತೆಗೆದು, ಹಗಲು ಬೆಳಕಿನಲ್ಲಿ, ನೆಟ್ಟಗೆ ಒಂದು ಫೋಟೋ ತೆಗೆದಿಡಿ. ಹಿಂದೆ ಊರು, ಇಸವಿ, ಬರೆದವರ ಹೆಸರು ಗುರುತು ಮಾಡಿ. ಫಾಂಟು ಮಾಡುವ ಹುಡುಗ ಹುಡುಗಿಯರು ಕೇಳಿಕೊಂಡು ಬಂದರೆ ಧಾರಾಳವಾಗಿ ತೋರಿಸಿ. ಬರೆದ ಮೇಷ್ಟ್ರು ಇನ್ನೂ ಇದ್ದಾರೆಂದಾದರೆ ಒಂದು ಒಳ್ಳೆಯ ನಿಬ್ಬು, ನಾಲ್ಕು ದಪ್ಪ ಹಾಳೆ ತೆಗೆದುಕೊಂಡು ಅವರ ಮನೆಗೆ ಹೋಗಿ, ಕಾಗುಣಿತ ಪೂರ್ತಿ ಬರೆಸಿಕೊಳ್ಳಿ. ಒತ್ತಕ್ಷರ ಮರೆಯಬೇಡಿ. ಮಕಾರ ಮಾತ್ರ ಐದು ಸಲ ಬರೆಯಲು ಹೇಳಿ.